ದೂರು ಕೊಟ್ಟವಳೇ ಬರೆದುಕೊಟ್ಟ ಮುಚ್ಚಳಿಕೆ

೨೦೧೮ರಲ್ಲಿ ನಾನು ಮೈಸೂರು ಜಿಲ್ಲೆಯ ಕಪಿಲಾ ತೀರದ ಒಂದು ತಾಲ್ಲೂಕಿನಲ್ಲಿ ತಹಶೀಲ್ದಾರನಾಗಿದ್ದೆ. ನಂಜನಗೂಡಿನಿಂದ ತಿ. ನರಸೀಪುರದ ಸಂಗಮದವರೆಗೆ ಹೊಳೆಯ ಎರಡೂ ದಡಗಳಲ್ಲಿ ಗದ್ದೆಬಯಲಿನ ಊರುಗಳು ಒಂದರ ಮಗ್ಗುಲಿಗೆ ಒಂದು ಹಬ್ಬಿಕೊಂಡಿವೆ. ಅವುಗಳಲ್ಲಿ ಒಂದು ಊರಿನ ಪ್ರಕರಣವಿದು. ಯಾವ ಊರು, ಯಾವ ಕಚೇರಿ ಎಂಬುದನ್ನು ನಾನು ಬರೆಯುವುದಿಲ್ಲ. ವ್ಯಕ್ತಿಗಳ ಹೆಸರುಗಳನ್ನೂ ಬದಲಿಸಿದ್ದೇನೆ. ಪ್ರಕರಣದ ಹೆಣ್ಣುಮಗಳು ಇಂದಿಗೂ ಅದೇ ಬೀದಿಯಲ್ಲಿ ಬದುಕುತ್ತಿದ್ದಾಳೆ. ಆಕೆಯ ಹೆಸರನ್ನು ನಾನು ಒಮ್ಮೆ ಗಟ್ಟಿಯಾಗಿ ಓದಿದ್ದರಿಂದ ಆದದ್ದೇ ಸಾಕು.

ಕಂದಾಯ ಇಲಾಖೆಗೆ ಬರುವುದಕ್ಕೆ ಮುಂಚೆ ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡದ ಮೇಷ್ಟ್ರು. ಕಾಗುಣಿತ ತಪ್ಪಿದರೆ ಕ್ಷಮಿಸದವನು ಎಂದು ಹೆಸರಾಗಿದ್ದೆ. ಆ ಹೆಸರು ನನಗೆ ಇಷ್ಟವೂ ಆಗಿತ್ತು. ತರಗತಿಯಲ್ಲಿ ಇಬ್ಬರು ಹುಡುಗರು ಕಿತ್ತಾಡಿದರೆ ನನ್ನದೊಂದು ಪದ್ಧತಿಯಿತ್ತು. ಮೊದಲು ಇಬ್ಬರನ್ನೂ ಬೆಂಚಿನ ಮೇಲೆ ನಿಲ್ಲಿಸುವುದು, ಆಮೇಲೆ ವಿಚಾರಿಸುವುದು. ಬಹಳ ಸಲ ವಿಚಾರಿಸುವ ಹೊತ್ತಿಗೆ ಗಂಟೆ ಹೊಡೆದುಬಿಡುತ್ತಿತ್ತು. ಆದರೂ ತರಗತಿ ನಿಶ್ಶಬ್ದವಾಗಿರುತ್ತಿತ್ತು. ಅದನ್ನೇ ನಾನು ನ್ಯಾಯವೆಂದು ತಿಳಿದಿದ್ದೆ. ಆ ಪದ್ಧತಿಯನ್ನು ಕೈಚೀಲದಲ್ಲಿಟ್ಟುಕೊಂಡವನಂತೆ ತಾಲ್ಲೂಕು ಕಚೇರಿಗೂ ತಂದೆ.

ಇಲ್ಲಿ ಓದುಗರಿಗೆ ಒಂದು ವಿವರಣೆ ಅಗತ್ಯ. ತಹಶೀಲ್ದಾರನೆಂದರೆ ಜಮೀನು, ಪಹಣಿ, ಪಿಂಚಣಿಗಳ ಅಧಿಕಾರಿ ಮಾತ್ರವೆಂದು ಬಹುತೇಕ ಜನ ಭಾವಿಸುತ್ತಾರೆ. ಆತ ತಾಲ್ಲೂಕಿನ ಎಕ್ಸಿಕ್ಯುಟಿವ್ ಮ್ಯಾಜಿಸ್ಟ್ರೇಟ್ ಕೂಡ ಹೌದು. ಯಾರಿಂದಲಾದರೂ ಶಾಂತಿಭಂಗವಾದೀತೆಂದು ಪೊಲೀಸರು ವರದಿ ಕೊಟ್ಟರೆ, ಅಂಥವರನ್ನು ಕರೆಸಿ ‘ಶಾಂತಿಯಿಂದ ಇರುತ್ತೇನೆ’ ಎಂದು ಮುಚ್ಚಳಿಕೆ ಬರೆಸಿಕೊಳ್ಳುವ ಅಧಿಕಾರ ಆತನಿಗಿದೆ. ಆಗಿನ ದಂಡ ಪ್ರಕ್ರಿಯಾ ಸಂಹಿತೆಯ ೧೦೭ನೆಯ ಕಲಮು ಇದಕ್ಕೆ ಆಧಾರ. ಪೊಲೀಸರ ಆ ವರದಿಗೆ ಪಿ.ಎ.ಆರ್., ಅಂದರೆ ಪ್ರಿವೆಂಟಿವ್ ಆ್ಯಕ್ಷನ್ ರಿಪೋರ್ಟ್, ಎಂದು ಹೆಸರು. ಮುಚ್ಚಳಿಕೆಗೆ ಜಮೀನುಳ್ಳ ಜಾಮೀನುದಾರ ಬೇಕು. ಬರೆದುಕೊಟ್ಟವರು ಮಾತು ಮುರಿದರೆ ಆತನ ಆಸ್ತಿಯಿಂದ ವಸೂಲಿ ಮಾಡಬಹುದು; ಜಾಮೀನುದಾರನೇ ಸಿಗದಿದ್ದರೆ ಬರೆದುಕೊಡಬೇಕಾದವರನ್ನು ಜೈಲಿಗೆ ಕಳುಹಿಸಬಹುದು. ಈಗ ಹೊಸ ಸಂಹಿತೆ ಬಂದಿದೆ, ಕಲಮಿನ ಸಂಖ್ಯೆ ಬದಲಾಗಿದೆ. ಪದ್ಧತಿ ಹಾಗೆಯೇ ಇದೆ.

ಚಿಕ್ಕತಾಯಮ್ಮನನ್ನು ನಾನು ಮೊದಲು ಕಂಡದ್ದು ಒಂದು ನೀರಿನ ಬಾಟಲಿಯೊಂದಿಗೆ. ನಲವತ್ತೈದರ ಆಸುಪಾಸಿನ ಹೆಂಗಸು. ಎರಡು ಎಮ್ಮೆ ಸಾಕಿಕೊಂಡು ಊರಿನ ಡೇರಿಗೆ ಹಾಲು ಹಾಕುತ್ತಿದ್ದಳು. ಗಂಡ ಮೈಸೂರಿನ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ, ಭಾನುವಾರಕ್ಕೊಮ್ಮೆ ಬರುತ್ತಿದ್ದ. ಬಾಟಲಿಯಲ್ಲಿದ್ದ ನೀರು ಟೀ ಡಿಕಾಕ್ಷನ್ನಿನ ಬಣ್ಣದ್ದು, ಮೇಲೆ ನೊರೆ.

ನನ್ನ ಅಟೆಂಡರ್ ಅದನ್ನು ಬೆಳಕಿಗೆ ಹಿಡಿದು, “ಏನಮ್ಮೋ ಇದು, ಕಷಾಯ್ವಾ?” ಎಂದ.

“ಒಂದ್ ಗುಟ್ಕು ಕುಡ್ದು ನೀನೇ ಏಳು ಮಗಾ. ನಮ್ ಎಮ್ಮೆ ದಿನಾ ಕುಡೀತವೆ.”

ಕೈಗಾರಿಕೆಯೊಂದರ ತ್ಯಾಜ್ಯನೀರನ್ನು ಟ್ಯಾಂಕರುಗಳಲ್ಲಿ ತುಂಬಿ ದೂರದ ಶುದ್ಧೀಕರಣ ಘಟಕಕ್ಕೆ ಸಾಗಿಸಬೇಕಿತ್ತು. ಅದರ ಗುತ್ತಿಗೆ ಹಿಡಿದಿದ್ದವನು ಅದೇ ಊರಿನ ಸಿದ್ದರಾಜು. ಡೀಸೆಲ್ ಉಳಿಸಲು ಆತನ ಟ್ಯಾಂಕರುಗಳು ಊರಾಚೆಯ ಹಳ್ಳದಲ್ಲೇ ನೀರು ಬಿಟ್ಟು ಹಿಂದಿರುಗುತ್ತವೆ ಎಂಬುದು ಆಕೆಯ ದೂರು. ಎಮ್ಮೆಗಳ ಕೆಚ್ಚಲ ಸುತ್ತ ಹುಣ್ಣೆದ್ದಿದ್ದವು. ಆಕೆ ಹೋಗದ ಕಚೇರಿಯಿರಲಿಲ್ಲ. ಎಲ್ಲರಂತೆ ನಾನೂ ‘ಸಂಬಂಧಪಟ್ಟ ಇಲಾಖೆಗೆ ರವಾನಿಸಲಾಗಿದೆ’ ಎಂದು ಷರಾ ಬರೆದು ಕಳುಹಿಸಿದೆ.

ಕೆಲವು ವಾರಗಳ ನಂತರ ಆಕೆ ಓಣಿಯ ಹೆಂಗಸರನ್ನು ಕಟ್ಟಿಕೊಂಡು, ಹಾಲಿನ ಕ್ಯಾನುಗಳನ್ನು ರಸ್ತೆಗೆ ಅಡ್ಡಲಾಗಿ ಜೋಡಿಸಿ ಕುಳಿತಳು. ಎರಡು ಟ್ಯಾಂಕರುಗಳು ನಿಂತವು. ಟಿ.ವಿ.ಯವರು ಬಂದರು. ಉಳಿದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಸರಿದಾಗ ಮೈಕಿನ ಮುಂದೆ ನಿಂತು ಸಿದ್ದರಾಜುವಿನ ಹೆಸರು ಹೇಳಿದವಳು ಚಿಕ್ಕತಾಯಮ್ಮ ಒಬ್ಬಳೇ.

ಅದೇ ವಾರ ಡೇರಿಯ ಮುಂದೆ, ಹಾಲು ಹಾಕಲು ಬಂದವರೆಲ್ಲ ನಿಂತಿರುವಾಗ, ಸಿದ್ದರಾಜು ಆಕೆಯ ಬಳಿ ಬೈಕು ನಿಲ್ಲಿಸಿದ. “ಎಮ್ಮೆ ಮೈಮ್ಯಾಲೆ ಗಾಯ ಆಯ್ತು ಅಂತ ಟೀವಿ ಮುಂದೆ ಅಳ್ತೀಯಲ್ಲ, ನಾಳೆ ನಿನ್ ಮೈಮ್ಯಾಲೇ ಆದ್ರೆ ಯಾವ ಟೀವಿಯೋನು ಬತ್ತಾನೆ ನೋಡವ” ಎಂದ. ಒಬ್ಬಿಬ್ಬರು ನಕ್ಕರಂತೆ. ಮಾರನೆಯ ದಿನದಿಂದ ಡೇರಿಯಲ್ಲಿ ಆಕೆಯ ಹಾಲು ‘ಡಿಗ್ರಿ ಬರುವುದಿಲ್ಲ’, ಅಂದರೆ ನೀರು ಬೆರೆತಿದೆ, ಎಂದು ವಾಪಸ್ಸಾಗತೊಡಗಿತು. ಬಳಿಕ ಹಿತ್ತಿಲಿನ ಹುಲ್ಲಿನ ಮೆದೆ ಬೂದಿಯಾಯಿತು. ನೋಡಿದವರು ಯಾರೂ ಇರಲಿಲ್ಲ.

ಚಿಕ್ಕತಾಯಮ್ಮ ಠಾಣೆಗೆ ಹೋಗಿ, ತನಗೆ ಜೀವಭಯವಿದೆ, ರಕ್ಷಣೆ ಬೇಕು ಎಂದು ದೂರು ಕೊಟ್ಟಳು. ಸಿದ್ದರಾಜುವೂ ಹೋಗಿ, ತನ್ನ ವಾಹನ ತಡೆದರು, ಚಾಲಕನನ್ನು ಬೈದರು ಎಂದು ಪ್ರತಿದೂರು ಕೊಟ್ಟ. ಠಾಣೆಯವರು ಎರಡನ್ನೂ ಒಟ್ಟು ಸೇರಿಸಿ, ‘ಉಭಯ ಪಕ್ಷಗಾರರಿಂದ ಶಾಂತಿಭಂಗವಾಗುವ ಸಂಭವವಿದೆ’ ಎಂದು ಪಿ.ಎ.ಆರ್. ತಯಾರಿಸಿ ನನಗೆ ಕಳುಹಿಸಿದರು.

ಆ ವರದಿಯನ್ನು ನಾನು ಕುಳಿತು ಓದಿದೆ. ಅಲ್ಪಪ್ರಾಣ–ಮಹಾಪ್ರಾಣದ ತಪ್ಪುಗಳು ಹೆಜ್ಜೆಹೆಜ್ಜೆಗೂ ಇದ್ದವು. ಕೆಂಪು ಪೆನ್ನಿನಲ್ಲಿ ಒಂದೊಂದನ್ನೂ ತಿದ್ದಿ, ಇಬ್ಬರಿಗೂ ನೋಟಿಸು ಹೊರಡಿಸಲು ಸಹಿ ಹಾಕಿದೆ. ಬೆದರಿಸಿದವನು ಯಾರು, ಬೆದರಿದವಳು ಯಾರು ಎಂಬುದು ಆ ವಾಕ್ಯಗಳಲ್ಲಿ ಸ್ಪಷ್ಟವಾಗಿಯೇ ಇತ್ತು. ನಾನು ಅಕ್ಷರಗಳನ್ನು ನೋಡುತ್ತಿದ್ದೆ.

ವಿಚಾರಣೆಯ ದಿನ ಚಿಕ್ಕತಾಯಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು, ಮೂವರು ಹೆಂಗಸರನ್ನು ಕರೆದುಕೊಂಡು ಬಂದಿದ್ದಳು. ತಹಶೀಲ್ದಾರರು ಸಿದ್ದರಾಜುವನ್ನು ಕರೆಸಿದ್ದಾರೆ, ಕೇಳಿಯೇ ಕೇಳುತ್ತಾರೆ ಎಂದು ಆಕೆ ನಂಬಿದ್ದಳೆಂಬುದು ನಿಂತ ರೀತಿಯಲ್ಲೇ ಕಾಣುತ್ತಿತ್ತು. ಸಿದ್ದರಾಜುವಿನೊಂದಿಗೆ ಅರ್ಧ ಹಜಾರ ತುಂಬುವಷ್ಟು ಜನ. ದಫೇದಾರ ಎರಡೂ ಹೆಸರು ಕೂಗಿ ಇಬ್ಬರನ್ನೂ ನನ್ನ ಮುಂದೆ ಅಕ್ಕಪಕ್ಕದಲ್ಲಿ ನಿಲ್ಲಿಸಿದ. ನಾನು ಕಲಮನ್ನು ವಿವರಿಸಿ, ವಿಚಾರಣೆ ಮುಗಿಯುವವರೆಗೆ ಇಬ್ಬರೂ ಮುಚ್ಚಳಿಕೆ ಬರೆದುಕೊಡಬೇಕೆಂದೆ.

ಆಕೆಗೆ ಮೊದಲು ಅರ್ಥವಾಗಲಿಲ್ಲ. “ನಾನು ದೂರು ಕೊಟ್ಟೋಳು ಸಾ” ಎಂದಳು, ನನಗೆ ಹೆಸರು ಅದಲುಬದಲಾಗಿದೆ ಎಂಬಂತೆ.

“ಗೊತ್ತಮ್ಮ. ಇದು ಶಿಕ್ಷೆಯಲ್ಲ. ಎರಡೂ ಕಡೆಯವರಿಗೆ ಒಂದೇ ನಿಯಮ.”

“ಅವ್ನು ನನ್ತಾವ ಬಂದು ಎದ್ರುಸ್ದ. ನಾನು ಅವ್ನ್ ಮನೆ ಬಾಗ್ಲಿಗೆ ಓಗಿದ್ನಾ ಸಾ? ಎದ್ರುಕಂಡೋಳೂ ಬರ್ಕೊಡ್ಬೇಕಾ?”

ಹಿಂದಿನಿಂದ ಯಾರೋ, “ಟೀವೀಲಿ ಸಂದಾಗಿ ಮಾತಾಡ್ತಿದ್ದೆಯಲ್ಲಕ್ಕಾ, ಇಲ್ಲೂ ಮಾತಾಡು” ಎಂದು ನಗೆಯೆಬ್ಬಿಸಿದರು. ನಾನು ಮೇಜು ಕುಟ್ಟಿ ಎಲ್ಲರನ್ನೂ ಸುಮ್ಮನಾಗಿಸಿದೆ. ಎಲ್ಲರನ್ನೂ ಎಂದರೆ, ಆಕೆಯನ್ನೂ. “ಜಾಮೀನುದಾರನನ್ನು ತರದಿದ್ದರೆ ಜೈಲಿಗೆ ಕಳುಹಿಸಬೇಕಾಗುತ್ತದೆ” ಎಂದು ಕಾನೂನನ್ನು ತಿಳಿಸಿದೆ.

ಸಿದ್ದರಾಜುವಿನ ಕಡೆಯಿಂದ ಪಹಣಿ ಹಿಡಿದ ಕೈಗಳು ಒಟ್ಟೊಟ್ಟಿಗೆ ಎದ್ದವು. “ಯಾರ್ದು ಬೇಕೋ ಆರುಸ್ಕಳಿ ಸಾ” ಎಂದು ಆತ ನಕ್ಕ. ಚಿಕ್ಕತಾಯಮ್ಮನ ಜೊತೆ ಬಂದ ಹೆಂಗಸರ ಹೆಸರಿನಲ್ಲಿ ಅಂಗೈಯಗಲದ ಜಮೀನೂ ಇರಲಿಲ್ಲ. ಜಮೀನಿದ್ದ ಗಂಡಂದಿರು ಫೋನು ಎತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ, ಗೊಬ್ಬರದಂಗಡಿಗೆ ಬಂದಿದ್ದ ಅವರ ಓಣಿಯ ಪುಟ್ಟಸ್ವಾಮಿ ಎಂಬಾತ ಸುದ್ದಿ ಕೇಳಿ ಮೆಟ್ಟಿಲು ಹತ್ತಿಬಂದ. ನಾಲೆಯ ಕೊನೆಯಲ್ಲಿ ಒಂದು ತುಂಡು ಗದ್ದೆಯುಳ್ಳ ಮನುಷ್ಯ.

“ಬ್ಯಾಡ ಕಣಣ್ಣ, ನಿಂಗ್ಯಾಕೆ?” ಎಂದಳು ಆಕೆ.

“ಸೈನ್ ತಾನೆ ಕಣವ್ವ ಕೇಳ್ತಿರೋದು? ಜೀವ ಕೊಡು ಅಂದ್ರಾ?”

ಆಮೇಲೆ ನಾನು ಮಾಡಿದ ಕೆಲಸವನ್ನು ಯಾವ ಕಾನೂನೂ ಬೇಡಿರಲಿಲ್ಲ. ಶಾಲೆಯಲ್ಲಿ ಹಾಜರಿ ಕೂಗಿ ಪಳಗಿದ ದನಿ ನನ್ನದು. ಕಚೇರಿಯಲ್ಲೂ ಪ್ರತಿಯೊಂದು ಆದೇಶವನ್ನೂ ತೆರೆದ ಹಜಾರದಲ್ಲಿ, ಕಡೆಯ ಸಾಲಿಗೆ ಕೇಳುವಂತೆ, ಒಂದಕ್ಷರ ನುಂಗದೆ ಓದುವುದು ನನ್ನ ಶಿಸ್ತು. ಮುಚ್ಚುಮರೆಯಿಲ್ಲದ ಆಡಳಿತವೆಂದು ಅದನ್ನು ಬಗೆದಿದ್ದೆ. ಅಂದೂ ಎದ್ದು ನಿಂತು ಓದಿದೆ: ಚಿಕ್ಕತಾಯಮ್ಮ ಶಾಂತಿ ಕಾಪಾಡುವುದಾಗಿ ಮುಚ್ಚಳಿಕೆ ಬರೆದುಕೊಟ್ಟಿದ್ದಾಳೆ, ಆಕೆಗೆ ಜಾಮೀನು ನಿಂತವನು ಪುಟ್ಟಸ್ವಾಮಿ, ತಂದೆಯ ಹೆಸರು ಇಂಥದ್ದು, ಸರ್ವೆ ನಂಬರು ಇಂಥದ್ದು, ಚೆಕ್ಕುಬಂದಿ ಹೀಗೆ. ಕೊನೆಯ ಸಾಲಿನಲ್ಲಿ ಸಿದ್ದರಾಜುವಿನ ಕಡೆಯವನೊಬ್ಬ ಕತ್ತು ತಿರುಗಿಸಿ, “ಓಹೋ, ನಮ್ ಪುಟ್ಸಾಮಣ್ಣ!” ಎಂದ. ನಾನು ಮತ್ತೆ ಮೇಜು ಕುಟ್ಟಿ, ನಿಶ್ಶಬ್ದ ಎಂದೆ.

ಮುಂದಿನ ತಿಂಗಳುಗಳಲ್ಲಿ ಆ ಊರಿನಿಂದ ಒಂದು ಅರ್ಜಿಯೂ ಬರಲಿಲ್ಲ. ಅಲ್ಲಿನ ಗ್ರಾಮ ಲೆಕ್ಕಿಗನನ್ನು ವಿಚಾರಿಸಿದೆ. “ಆವಮ್ಮ ಈಗ ಗಪ್‌ಚುಪ್ ಸಾ. ರೋಡಿಗೇ ಬರಾಕಿಲ್ಲ. ಒಳ್ಳೆ ಮದ್ದು ಕೊಟ್ರಿ” ಎಂದ. ನನಗೆ ಸಮಾಧಾನವಾಯಿತು. ಹಾಗೆ ಸಮಾಧಾನವಾದದ್ದನ್ನು ನೆನೆದರೆ ಇಂದಿಗೂ ಮುಖ ಬಿಸಿಯಾಗುತ್ತದೆ. ಟ್ಯಾಂಕರುಗಳು ನಿಂತವೇ ಎಂದು ನಾನು ಕೇಳಲಿಲ್ಲ. ಅವು ನಿಂತಿರಲಿಲ್ಲ.

ಭತ್ತದ ಕಟಾವಿನ ಕಾಲ ಮುಗಿಯುತ್ತ ಬಂದಿದ್ದಾಗ ಒಂದು ಬೆಳಿಗ್ಗೆ ಚಿಕ್ಕತಾಯಮ್ಮ ನನ್ನ ಕೊಠಡಿಗೆ ಬಂದಳು. ಹಿಂದೆ, ಬರಲು ಮನಸ್ಸಿಲ್ಲದವನಂತೆ, ಪುಟ್ಟಸ್ವಾಮಿ. ಆಕೆ ನಮಸ್ಕಾರ ಹೇಳಲಿಲ್ಲ.

“ಸಾ, ಈ ಅಣ್ಣನ್ ಎಸ್ರು ತಗುದ್ಬುಡಿ. ನನ್ನ ಒಳೀಕ್ ಆಕಿ.”

“ಒಳಗೆ ಎಂದರೆ?”

“ಜೈಲ್ಗೆ. ಜಾಮೀನು ಇಲ್ದಿದ್ರೆ ಜೈಲು ಅಂತ ನೀವೇ ಅಂದಿದ್ರಲ್ಲ ಅವತ್ತು. ನಂಗೆ ಜಾಮೀನು ಬ್ಯಾಡ.”

ಪುಟ್ಟಸ್ವಾಮಿ, “ಇವ್ಳ ಮಾತು ಬುಡಿ ಸಾ, ಏನೋ ಬೇಜಾರ್ಗೆ ಅಂತಾಳೆ” ಎಂದ.

“ನೀ ಸುಮ್ಕಿರಣ್ಣ. ಏಳು, ಮಿಸನ್ನು ಬಂತಾ ನಿನ್ ಗದ್ದೆಗೆ?”

ಉಳಿದದ್ದನ್ನು ಆಕೆಯೇ ಹೇಳಿದಳು. ಕಟಾವು ಯಂತ್ರದವನು ಪಕ್ಕದ ಗದ್ದೆಯವರೆಗೆ ಬಂದು, ಇವನ ಬದುವಿನ ಬಳಿ ಬಂದೊಡನೆ ‘ಮಿಷನ್ ಕೆಟ್ಟಿದೆ’ ಎಂದು ಹಿಂದಕ್ಕೆ ತಿರುಗಿಸಿದ್ದಾನೆ. ಮತ್ತೊಬ್ಬನನ್ನು ಕರೆದರೆ ಅವನದೂ ಕೆಟ್ಟಿದೆ. ಕೂಲಿಗೆ ಒಪ್ಪಿದವರು ಬೆಳಗಾಗುವಷ್ಟರಲ್ಲಿ ಒಲ್ಲೆವೆಂದಿದ್ದಾರೆ. ಮಾಗಿದ ಭತ್ತ ಗಾಳಿಗೆ ಮಲಗಿ, ನೆಲದಲ್ಲೇ ಮೊಳಕೆಯೊಡೆದಿದೆ.

“ನಾನು ಬಾಯ್ಬುಟ್ರೆ ನೀವು ಈ ಅಣ್ಣನ್ ಗದ್ದೆ ಮುಟ್ಗೋಲು ಆಕ್ತೀರಿ ಅಂತ ಊರೆಲ್ಲಾ ಏಳ್ತಾವ್ರೆ. ಅದುಕ್ಕೇ ಇಷ್ಟ್ ದಿನ ಬಾಯ್ ಮುಚ್ಕಂಡಿದ್ದೆ. ಮುಚ್ಕಂಡ್ರೂ ಅವ್ರು ಬುಡ್ನಿಲ್ಲ. ನನ್ ಬಾಯ್ಗೆ ಇವ್ರ್ ಗದ್ದೆಯ ತಂದು ಕಟ್ಬುಟ್ರಲ್ಲ ಸಾ. ಬಿಚ್ಚಿ ಇದ್ನ. ನಾನೊಬ್ಳೇ ಆದ್ರೆ ಏನಾದ್ರೂ ತಡ್ಕತೀನಿ.”

ನಾನು ಕಡತ ತರಿಸಿದೆ. ಪಿ.ಎ.ಆರ್.ನಲ್ಲಿ ಆಕೆಯ ವಿರುದ್ಧ ಇದ್ದದ್ದು ಇಷ್ಟೇ: ರಸ್ತೆಯಲ್ಲಿ ಕುಳಿತಳು, ಟಿ.ವಿ.ಯವರೊಂದಿಗೆ ಮಾತನಾಡಿದಳು, ಒಬ್ಬ ಚಾಲಕನನ್ನು ಬೈದಳು. ನನ್ನ ಕೆಂಪು ತಿದ್ದುಪಡಿಗಳು ಪುಟದ ತುಂಬ ಇದ್ದವು. ಅದೇ ಸಂಹಿತೆಯ ೧೧೮ನೆಯ ಕಲಮಿನ ಪ್ರಕಾರ, ಮುಚ್ಚಳಿಕೆಯ ಅಗತ್ಯ ಸಾಬೀತಾಗದಿದ್ದರೆ ಮ್ಯಾಜಿಸ್ಟ್ರೇಟನು ಆ ವ್ಯಕ್ತಿಯನ್ನು ಪ್ರಕರಣದಿಂದ ಬಿಡುಗಡೆ ಮಾಡಬೇಕು. ಅರ್ಧ ಪುಟದ ಆದೇಶ. ವಿಚಾರಣೆಯನ್ನು ಮುಚ್ಚಳಿಕೆ ಬರೆಸಿಕೊಂಡ ವಾರವೇ ನಡೆಸಿ ಮುಗಿಸಿದ್ದರೆ ಆ ಅರ್ಧ ಪುಟವನ್ನು ನಾನು ಕಟಾವಿಗೆ ಬಹಳ ಮುಂಚೆಯೇ ಬರೆಯಬಹುದಿತ್ತು. ಇಬ್ಬರನ್ನೂ ಬೆಂಚಿನ ಮೇಲೆ ನಿಲ್ಲಿಸಿದ್ದೆ. ವಿಚಾರಿಸುವುದನ್ನು ಎಂದಿನಂತೆ ಗಂಟೆಗೆ ಬಿಟ್ಟಿದ್ದೆ.

ಆ ದಿನವೇ ಹೇಳಿಕೆ ಪಡೆದು ಆದೇಶ ಬರೆಸಿದೆ. ಚಿಕ್ಕತಾಯಮ್ಮನನ್ನು ಪ್ರಕರಣದಿಂದ ಕೈಬಿಡಲಾಯಿತು, ಪುಟ್ಟಸ್ವಾಮಿಯ ಜಾಮೀನು ರದ್ದಾಯಿತು. ಪ್ರತಿಯನ್ನು ಆಕೆಯ ಕೈಗೆ ಕೊಟ್ಟು, “ಇನ್ನು ನಿಮ್ಮ ಮೇಲೆ ಏನೂ ಇಲ್ಲ” ಎಂದೆ. ಬಹುವಚನ ನನ್ನ ಬಾಯಲ್ಲಿ ಅಂದು ಮೊದಲ ಸಲ ಬಂತು.

ಆಕೆ ಕಾಗದವನ್ನು ಮಡಚಲಿಲ್ಲ. “ಅವತ್ತು ಆಚೆ ನಿಂತ್ಕಂಡು ಗಟ್ಟಿಯಾಗ್ ಓದುದ್ರಲ್ಲ ಸಾ. ಇದ್ನೂ ಅಂಗೇ ಓದ್ಬುಡಿ. ಎಲ್ರೂ ಕೇಳ್ಲಿ.”

ನ್ಯಾಯವಾದ ಬೇಡಿಕೆ. ಹಜಾರದಲ್ಲಿ ಎಂದಿನಂತೆ ಜನವಿದ್ದರು. ಸಿದ್ದರಾಜುವೂ ಅಂದು ಸರ್ವೆ ವಿಭಾಗದ ಬಳಿ ತನ್ನವರೊಂದಿಗೆ ನಿಂತಿದ್ದುದನ್ನು ಕೊಠಡಿಗೆ ಬರುವಾಗ ನೋಡಿದ್ದೆ. ಓದಿದರೆ ಗದ್ದಲವಾದೀತು, ಮೇಲಿನಿಂದ ಯಾರಾದರೂ ಫೋನು ಮಾಡಿಯಾರು ಎಂದು ನನ್ನ ಮನಸ್ಸು ಲೆಕ್ಕ ಹಾಕಿತು. ಅವಳ ಹೆಸರನ್ನು ಆ ಜನರ ಮುಂದೆ ಓದುವಾಗ ಇಂಥ ಯಾವ ಲೆಕ್ಕವನ್ನೂ ನಾನು ಹಾಕಿರಲಿಲ್ಲ.

“ಸಿದ್ದರಾಜುವಿನ ಮುಂದಿನ ವಾಯಿದೆಯ ದಿನ ಓದುತ್ತೇನೆ” ಎಂದೆ.

“ಓದ್ತೀರಾ ಸಾ?”

“ಓದುತ್ತೇನೆ.”

ಮುಂದಿನ ವಾಯಿದೆಗೆ ಮೊದಲೇ ನನಗೆ ವರ್ಗವಾಯಿತು. ವರ್ಗಾವಣೆಯ ಆದೇಶ ಕೈಗೆ ಬಂದಾಗ ಮೊದಲು ಆದದ್ದು ನಿರಾಳ ಎಂಬುದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ.

ಸ್ವಯಂನಿವೃತ್ತಿ ಪಡೆದ ಮೇಲೆ, ಕಳೆದ ವರ್ಷ, ತಿ. ನರಸೀಪುರದ ಬಸ್ ನಿಲ್ದಾಣದಲ್ಲಿ ಮೈಸೂರಿನ ಬಸ್ಸಿಗೆ ಕಾಯುತ್ತಿದ್ದೆ. ಸಂಬಂಧಿಕರೊಬ್ಬರ ಅಸ್ಥಿ ವಿಸರ್ಜನೆಗೆ ಸಂಗಮಕ್ಕೆ ಬಂದಿದ್ದೆವು. “ತಾಸೀಲ್ದಾರ್ ಸಾಯೇಬ್ರಲ್ವಾ?” ಎಂದು ಒಬ್ಬರು ಹತ್ತಿರ ಬಂದರು. ಪುಟ್ಟಸ್ವಾಮಿ. ತಲೆ ಪೂರ್ತಿ ನೆರೆತಿತ್ತು. ಗದ್ದೆಯನ್ನು ಗುತ್ತಿಗೆಗೆ ಕೊಟ್ಟುಬಿಟ್ಟಿದ್ದೇನೆ ಎಂದರು, ಕಾರಣ ಹೇಳಲಿಲ್ಲ. ಟೀ ಕುಡಿಸುತ್ತೇನೆಂದರೆ, “ಆಯ್ತು, ನೀವೇ ಕೊಡ್ಸಿ, ನಿಮ್ಗೆ ಜಾಮೀನು ನಾನು ನಿಂತ್ಕತೀನಿ” ಎಂದು ನಕ್ಕರು. ಆ ನಗೆಯಲ್ಲಿ ಕಹಿ ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಚಿಕ್ಕತಾಯಮ್ಮ ಹೇಗಿದ್ದಾಳೆಂದು ಕೇಳಿದೆ.

“ಅವ್ಳೆ ಸಾ. ಆಲ ಡೇರಿಗಾಕಲ್ಲ, ಟೀ ಅಂಗ್ಡಿಗಳ್ಗೆ ಸೈಕಲ್ ಮ್ಯಾಲೆ ಒಯ್ತಾಳೆ. ಎಸ್ರು ಮಾತ್ರ ಬದ್ಲಾಗೋಯ್ತು. ಮುಚ್ಳಿಕೆ ತಾಯಮ್ಮ ಅಂತಾರೆ ಎಲ್ರೂವೆ.”

“ಪ್ರಕರಣ ವಜಾ ಆಗಿತ್ತಲ್ಲ? ಆದೇಶವಿದೆಯಲ್ಲ ಆಕೆಯ ಹತ್ತಿರ?”

“ಪೇಪರ್ ಅದೆ. ಯಾರು ಓದಾರು ಸಾ ಅದ್ನ?”

ನಾನು ನಿಮ್ಮೂರಿಗೇ ಬಂದು, ಡೇರಿಯ ಮುಂದೆ ನಿಂತು ಓದಿ ಹೇಳುತ್ತೇನೆ ಎಂದೆ. ಆ ಕ್ಷಣದಲ್ಲಿ ನಿಜವಾಗಿಯೂ ಹೋಗುವ ಮನಸ್ಸಿತ್ತು. ಪುಟ್ಟಸ್ವಾಮಿ ಲೋಟವನ್ನು ಕೆಳಗಿಟ್ಟರು. “ಈಗ ಬಂದು ಓದುದ್ರೆ ಕೇಳೋರ್ಯಾರು? ನೀವೀಗ ತಾಸೀಲ್ದಾರ್ ಅಲ್ವಲ್ಲ” ಎಂದರು, ಬಹಳ ಮೆದುವಾಗಿ.

ಟ್ಯಾಂಕರುಗಳ ಬಗ್ಗೆ ಕೇಳಿದೆ. ಅವು ದಾರಿ ಬದಲಿಸಿವೆ. ಈಗ ಹೊಳೆಯ ಕೆಳಗಿನ ಮತ್ತೊಂದು ಊರಿನ ಹಳ್ಳಕ್ಕೆ ಹೋಗುತ್ತವೆ. ಅಲ್ಲಿ ಯಾರೂ ತಡೆಯಲಿಲ್ಲವೇ ಎಂದೆ.

“ಒಂದಿಬ್ರು ಹುಡುಗ್ರು ಅರ್ಜಿ ಬರ್ಸವ ಅಂತ ಎದ್ದಿದ್ರಂತೆ. ದೊಡ್ಡೋರು ಬೈದು ಕೂರ್ಸುದ್ರು. ಚಿಕ್ಕತಾಯಮ್ಮುನ್ ಕತೆ ಗೊತ್ತಲ್ಲ ಅಂತ.” ಬಸ್ಸು ಬಂತು. ಅವರು ಎದ್ದು ಟವೆಲು ಕೊಡವಿಕೊಂಡರು. “ಅವತ್ತು ನೀವು ಓದಿದ್ದು ಆ ಊರ್ಗಂಟ ಕೇಳುಸ್ಬುಟ್ಟದೆ ಸಾ.”

ಎರಡೂ ಕಡೆಯವರನ್ನು ಒಂದೇ ಸಮನಾಗಿ ಕಂಡೆನೆಂದು ಹೇಳಿಕೊಳ್ಳುವುದು ಅಧಿಕಾರಿಗೆ ಬಹಳ ಹಿತವಾದ ಮಾತು. ಒಬ್ಬನ ಬೆನ್ನಿಗೆ ಅರ್ಧ ಹಜಾರ, ಇನ್ನೊಬ್ಬಳ ಬೆನ್ನಿಗೆ ಗೊಬ್ಬರ ಕೊಳ್ಳಲು ಬಂದ ಒಬ್ಬ ನೆರೆಯವನು ನಿಂತಿರುವಾಗ, ಇಬ್ಬರಿಗೂ ಒಂದೇ ಶರತ್ತು ಹಾಕಿದವನು ಯಾವ ಕಡೆಗೆ ನಿಂತಂತಾಯಿತು ಎಂಬುದು ನನಗೆ ಹುದ್ದೆಯಲ್ಲಿದ್ದಾಗ ತಿಳಿಯಲಿಲ್ಲ. ಈಗ ಹೊಸದಾಗಿ ನೇಮಕಗೊಂಡವರಿಗೆ ಪಾಠ ಹೇಳಲು ಆಗಾಗ ನನ್ನನ್ನು ಕರೆಯುತ್ತಾರೆ. ಈ ಕಲಮು ಬಂದಾಗ ಒಂದು ಮಾತನ್ನು ತಪ್ಪದೆ ಹೇಳುತ್ತೇನೆ: ದೂರು ಹೊತ್ತು ಬಂದವರನ್ನು ನಿಲ್ಲಿಸುವ ಮುನ್ನ ಕೂರಿಸಿ ಕೇಳಿ, ಮತ್ತು ಅವರನ್ನು ಬಿಡುಗಡೆ ಮಾಡಿದ ದಿನ, ಅವರ ಹೆಸರನ್ನು ಮೊದಲು ಕೂಗಿದ ಜಾಗದಲ್ಲೇ ನಿಂತು ಓದಿ, ಮುಂದಿನ ವಾಯಿದೆಗೆಂದು ಇಡಬೇಡಿ. ಅವರು ಬರೆದುಕೊಳ್ಳುತ್ತಾರೆ. ಈ ಮಾತನ್ನು ನಾನು ಕಡೆಯ ಸಾಲಿಗೆ ಕೇಳುವಂತೆ ಹೇಳಬೇಕು. ಆದರೆ ಅಲ್ಲಿಗೆ ಬಂದಾಗಲೆಲ್ಲ ನನ್ನ ದನಿ ತಾನಾಗಿಯೇ ತಗ್ಗುತ್ತದೆ, ಹಿಂದೆ ಕುಳಿತವರು “ಸರ್, ಕೇಳಿಸಲಿಲ್ಲ” ಎನ್ನುತ್ತಾರೆ.